ಏಪ್ರಿಲ್ ಚಾಟ್ನಿಯೂ ವೈನಿಯ ಗುಳಿಗೆಯೂ

ಐನಾಪುರದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಂತು. ಏಪ್ರಿಲ್ ಮೊದಲ ವಾರ. ಊರ ಹೊರಗಿನ ಶೆಡ್ಡುಗಳಲ್ಲಿ ದ್ರಾಕ್ಷಿ ಇನ್ನೂ ಬಲೆಗಳ ಮೇಲೆ ಒಣಗುತ್ತಿತ್ತು. ಒಣಗಲು ಹಾಕುವ ಮುಂಚೆ ಗೊಂಚಲುಗಳನ್ನು ಅದ್ದುವ ಎಣ್ಣೆಯ ಕಮಟು, ಅದರ ಹಿಂದೆ ಸ್ವಲ್ಪ ಹುಳಿ, ಅದರ ಹಿಂದೆ ಸಿಹಿ. ಊರಿನವರಿಗೆ ಇದು ವರ್ಷದ ದುಡಿಮೆ ಕೈಗೆ ಬಂದ ವಾಸನೆ. ನನಗೆ ಮಾತ್ರ ಹಾಗಲ್ಲ. ಒಂದು ವರ್ಷದ ನೆನಪು ಈ ವಾಸನೆಗೆ ಅಂಟಿಕೊಂಡುಬಿಟ್ಟಿದೆ.

ನಾನೀಗ ಚಿಕ್ಕೋಡಿಯಲ್ಲಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ, ಅದೂ ನನಗೆ ಬಿಡುವಾದಾಗ. ಈ ಸಲ ಮಾತ್ರ ಅಣ್ಣನೇ ಫೋನು ಮಾಡಿದ್ದ. "ನಿನ್ನ ವೈನಿ ಬಾ ಅಂದಾಳ ಸುಮಿ. ಯಾಕಂತ ನನ್ನ ಕೇಳಬ್ಯಾಡ, ತಾನ ಹೇಳತಾಳಂತ" ಎಂದು ಇಟ್ಟುಬಿಟ್ಟ. ವೈನಿ ಸುಮ್ಮನೆ ಕರೆಯುವವರಲ್ಲ. ಅವರು ಹಾಗೆ ಕರೆದದ್ದು ಇದಕ್ಕೆ ಮುಂಚೆ ಒಂದೇ ಸಲ, ಆ ವರ್ಷದ ಜೂನಿನಲ್ಲಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಶಾಂತವ್ವ. ಚಿಂಚಲಿಯ ಕಡೆಯ ಕುರಿ ದನ ಸಾಕುವ ಮನೆಯಿಂದ ಬಂದವರು. ಅವರು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಬಂದ ವರ್ಷ ದ್ರಾಕ್ಷಿ ಬಳ್ಳಿಯ ತುದಿ ಬುಡ ಗೊತ್ತಿರಲಿಲ್ಲವಂತೆ, ಅವರೇ ಹೇಳುತ್ತಾರೆ. ಏಳೆಂಟು ವರ್ಷಗಳಲ್ಲಿ ನಮ್ಮ ಒಂದೂವರೆ ಎಕರೆ ದ್ರಾಕ್ಷಿ ಪಡ ಪೂರ್ತಿ ಅವರ ಕೈಗೆ ಬಂತು. ಅಣ್ಣನಿಗೆ ಉಗಾರದ ಕಡೆ ಸಕ್ಕರೆ ಕಾರ್ಖಾನೆಯ ಪಾಳಿ. ಪಡದೊಳಗೆ ಅವನು ವೈನಿ ಹೇಳಿದ್ದನ್ನು ಮಾಡುವವನು ಅಷ್ಟೇ. ನಮ್ಮ ಓಣಿಯಲ್ಲಿ ಅರ್ಧ ಜನ ಬಳ್ಳಿಗೆ ಕತ್ತರಿ ಹಾಕುವ ಮುಂಚೆ "ಶಾಂತವ್ವಾರ, ಒಮ್ಮಿ ಬಂದು ಕಡ್ಡಿ ನೋಡ್ರಿ" ಎಂದು ಕರೆದೊಯ್ಯುತ್ತಾರೆ. ವೈನಿ ಕಡ್ಡಿಯ ಮೇಲೆ ಹೆಬ್ಬೆರಳು ಆಡಿಸಿ, ಯಾವ ಕಣ್ಣಿನಲ್ಲಿ ಗೊಂಚಲಿದೆ, ಯಾವುದರಲ್ಲಿ ಬರೀ ಎಲೆಯಿದೆ ಎಂದು ಹೇಳುತ್ತಾರೆ. ಕಣ್ಣು ಎಂದರೆ ಕಡ್ಡಿಯ ಗೆಣ್ಣಿನಲ್ಲಿ ಮಲಗಿರುವ ಮೊಗ್ಗು. ಪ್ರಯೋಗಾಲಯದಲ್ಲಿ ಅದನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ ಹೇಳುತ್ತಾರೆ. ವೈನಿ ಹೇಳಿದ್ದು ಅದಕ್ಕಿಂತ ಹೆಚ್ಚು ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ನಾನು ಪುಣೆಯ ಒಂದು ಪ್ರಯೋಗಾಲಯದ ಕೆಲಸ ಮುಗಿಸಿ ಮನೆಗೆ ಬಂದಿದ್ದೆ. ಯೋಜನೆ ಮುಗಿದಿತ್ತು, ಮುಂದಿನ ಕೆಲಸ ಸಿಕ್ಕಿರಲಿಲ್ಲ, ಅಧ್ಯಾಪಕರ ಪರೀಕ್ಷೆಗೆ ಓದುತ್ತಿದ್ದೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಗತ್ತಿಗೇನೂ ಕಡಿಮೆಯಿರಲಿಲ್ಲ. ಮೂರು ವರ್ಷ ಕ್ಯಾನ್ಸರ್ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದವಳು ನಾನು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ನಮ್ಮ ಕೆಲಸದ ವಿಷಯ. ಪ್ರತಿ ಜೀವಕೋಶದಲ್ಲೂ ಇಡೀ ಮೈಯ ಬರಹವಿರುತ್ತದೆ, ಆದರೆ ಎಲ್ಲವನ್ನೂ ಎಲ್ಲ ಕೋಶವೂ ಓದುವುದಿಲ್ಲ. ಯಾವ ಸಾಲು ಈಗ ಓದಬೇಕು, ಯಾವುದು ಮುಚ್ಚಿರಬೇಕು ಎಂದು ತೀರ್ಮಾನಿಸುವವು ಈ ಪ್ರೋಟೀನುಗಳು. ಅವು ಲಂಗುಲಗಾಮಿಲ್ಲದೆ 'ಬೆಳೆ' ಎಂಬ ಸಾಲನ್ನೇ ಓದಿಸುತ್ತ ಹೋದರೆ ಅದು ಕ್ಯಾನ್ಸರ್.

ಕೊನೆಗೆ ನಾವು ಒಂದು ನಕ್ಷೆ ಬರೆಯುತ್ತಿದ್ದೆವು. ಇಂಥ ಪ್ರೋಟೀನು ಹೆಚ್ಚಿದ್ದ ರೋಗಿಗಳು ಎಷ್ಟು ವರ್ಷ ಬದುಕಿದರು, ಕಡಿಮೆಯಿದ್ದವರು ಎಷ್ಟು ವರ್ಷ ಬದುಕಿದರು ಎಂದು ತೋರಿಸುವ ಎರಡು ಗೆರೆಗಳು, ಮೆಟ್ಟಿಲಿನಂತೆ ಇಳಿಯುತ್ತ ಹೋಗುವವು. ಎರಡರ ನಡುವೆ ಅಂತರ ಹೆಚ್ಚಿದ್ದಷ್ಟೂ ನಮಗೆ ಖುಷಿ. ಒಮ್ಮೆ ಒಳ್ಳೆಯ ಅಂತರ ಬಂದಾಗ ನಾವೆಲ್ಲ ಸೇರಿ ಮಿಸಳ್ ತಿನ್ನಲು ಹೋಗಿದ್ದೆವು. ಆ ಒಂದೊಂದು ಮೆಟ್ಟಿಲೂ ಯಾರದೋ ಮನೆಯ ಒಬ್ಬರು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹೊಳೆಯದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಜೂನಿನ ಒಂದು ಬೆಳಗ್ಗೆ ವೈನಿ ಬಚ್ಚಲಮನೆಯಿಂದಲೇ ಕರೆದರು. "ಸುಮಿ, ಸ್ವಲ್ಪ ಇಲ್ಲಿ ಬಾ." ಹೋದೆ. ನನ್ನ ಕೈ ಹಿಡಿದು ತಮ್ಮ ಎಡ ಎದೆಯ ಪಕ್ಕಕ್ಕೆ ಇಟ್ಟುಕೊಂಡರು.

"ಏನ ಹತ್ತೇತಿ ಕೈಗೆ?"

ಒಂದು ಗಟ್ಟಿ ಗಂಟು ಹತ್ತಿತು.

"ಒಡಿಯಾಕ ಬಂದ ಕಣ್ಣಿನಂಗ ಐತಿ, ಹೌದಿಲ್ಲೋ? ಆದ್ರ ಇದು ಕಣ್ಣ ಬರೂ ಜಾಗ ಅಲ್ಲ" ಎಂದರು. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ಪಡದಲ್ಲಿ ಏನೋ ರೋಗ ಕಂಡಾಗಿನ ಎಚ್ಚರ ಇತ್ತು. "ಎಂಟ ದಿನದ ಹಿಂದ ಇರಲಿಲ್ಲ. ನಾಳೆ ಮಿರಜಿಗೆ ಹೋಗೂಣು. ನಿಮ್ಮಣ್ಣಗ ನೀ ಹೇಳ, ನಾ ಹೇಳಿದ್ರ ಅಳತಾನ."

ಮೂರು ವರ್ಷ ಕ್ಯಾನ್ಸರಿನ ಜೊತೆ ಕೂತ ನಾನು ಬಚ್ಚಲಲ್ಲೇ ನಿಂತಿದ್ದೆ. ಏಳನೆಯ ಇಯತ್ತೆ ಓದಿದ ವೈನಿ ಹೋಗಿ ರೊಟ್ಟಿ ಬಡಿಯಲು ಕೂತರು. ಎಷ್ಟೋ ಓದಿದ ಹೆಂಗಸರು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವುದನ್ನು ಅವರು ಎಂಟು ದಿನದಲ್ಲಿ ಹುಡುಕಿ, ಹೇಳಿ, ಹೊರಟರು. ಅವರ ಜೀವ ಉಳಿದದ್ದಕ್ಕೆ ಮೊದಲ ಕಾರಣ ಆ ಬೆರಳುಗಳು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಜುಲೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಂಟು ಸಣ್ಣದು, ಕಂಕುಳಿಗೆ ಹರಡಿರಲಿಲ್ಲ. ರಿಪೋರ್ಟು ಬಂದ ದಿನ ಅಣ್ಣ ಅದರಲ್ಲಿ 'ಪಾಸಿಟಿವ್' ಎಂಬ ಪದ ನೋಡಿ ದವಾಖಾನೆಯ ಕಟ್ಟೆಯ ಮೇಲೆ ಕುಸಿದು ಕೂತುಬಿಟ್ಟ. ಕರೋನಾ ಇನ್ನೂ ಎಲ್ಲರ ಬಾಯಲ್ಲಿದ್ದ ಕಾಲ, ಆ ಪದ ಕೇಳಿದರೆ ಜನ ಮಾರು ದೂರ ಸರಿಯುತ್ತಿದ್ದರು. "ಅಣ್ಣಾ, ಇದು ಚೊಲೋ ಸುದ್ದಿ" ಎಂದು ಹೇಳಿ ನಂಬಿಸಲು ನನಗೆ ಒಂದು ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. ವೈನಿಯ ಗಂಟಿನ ಜೀವಕೋಶಗಳು ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನನ್ನು ಇಟ್ಟುಕೊಂಡಿವೆ ಎಂದು ಅದರ ಅರ್ಥ. ಆ ಪ್ರೋಟೀನೂ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರೇ. ಅದನ್ನು ಕಟ್ಟಿಹಾಕಲು ಗುಳಿಗೆ ಇದೆ. ನಾನು ಗಾಜಿನ ತಟ್ಟೆಯಲ್ಲಿ ನೋಡಿದ್ದ ಪ್ರೋಟೀನು ನಮ್ಮ ವೈನಿಯ ಎದೆಯಲ್ಲಿ ಕೂತಿತ್ತು.

ಡಾಕ್ಟರಮ್ಮ ನಮ್ಮ ಗಡಿ ಊರುಗಳ ಜನರ ಜೊತೆ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು. "ಶಾಂತಾಬಾಯಿ, ಘಾಬರು ನಕಾ, ಹೆದರಬ್ಯಾಡ್ರಿ. ಕರೆಂಟು ಕೊಡೋದು ಮುಗಿದ ಮ್ಯಾಲೆ ದಿನಾ ಒಂದು ಗುಳಿಗಿ. ಐದು ವರ್ಷ" ಎಂದರು. ಕರೆಂಟು ಎಂದರೆ ರೇಡಿಯೇಷನ್. ಅಲ್ಲಿಂದ ಐದಾರು ವಾರ ಅದಕ್ಕಾಗಿ ಕಾಗವಾಡ ದಾಟಿ ಮಿರಜಿಗೆ ಹೋಗಿ ಬರುವುದೇ ನಮ್ಮ ದಿನಚರಿ. ಬಸ್ಸಿನಲ್ಲಿ ವೈನಿಯ ಫೈಲು ನನ್ನ ತೊಡೆಯ ಮೇಲಿರುತ್ತಿತ್ತು. ಆ ಮೆಟ್ಟಿಲು ಗೆರೆ ಕಣ್ಣಿಗೆ ಕಟ್ಟುತ್ತಿತ್ತು. ನೂರು ಜನರಲ್ಲಿ ಎಷ್ಟು ಜನ ಎಂದು ಹೇಳುವ ಗೆರೆಯಲ್ಲಿ, ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಒಬ್ಬರನ್ನು ಹುಡುಕಿದರೆ ಸಿಗುವುದಿಲ್ಲ. ಹೊರಗೆ ಕಬ್ಬು ಆಳೆತ್ತರ ಬೆಳೆದಿತ್ತು. ವೈನಿ ಮಾತ್ರ ಯಾರ ಪಡದಲ್ಲಿ ಎಲೆ ಹಳದಿಯಾಗಿದೆ ಎಂದು ನೋಡುತ್ತ ಬರುತ್ತಿದ್ದರು.

ಗುಳಿಗೆ ಶುರುವಾದ ವಾರವೇ ಅಕ್ಟೋಬರ್ ಚಾಟ್ನಿ ಬಂತು. ಚಾಟ್ನಿ ಎಂದರೆ ಬಳ್ಳಿಗೆ ಕತ್ತರಿ ಹಾಕುವುದು. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ. ಏಪ್ರಿಲ್‌ನಲ್ಲಿ ಒಂದು, ಕಡ್ಡಿ ಬೆಳೆಯಲು. ಅಕ್ಟೋಬರ್‌ನಲ್ಲಿ ಒಂದು, ಹಣ್ಣು ಬರಲು. ಅಕ್ಟೋಬರ್‌ನಲ್ಲಿ ಕತ್ತರಿಸಿದ ಮೇಲೆ ಬೇಕಾದ ಕಣ್ಣುಗಳಿಗೆ ಮಾತ್ರ ಒಂದು ಔಷಧ ಹಚ್ಚುತ್ತಾರೆ. ಅದಕ್ಕೆ ಎಲ್ಲರೂ ಪೇಸ್ಟ್ ಎಂದೇ ಹೇಳುವುದು. ಹಚ್ಚಿಸಿಕೊಂಡ ಕಣ್ಣು ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತದೆ. ವೈನಿಗೆ ಎಡಗೈ ಇನ್ನೂ ಪೂರ್ತಿ ಎತ್ತಲು ಬರುತ್ತಿರಲಿಲ್ಲ. ಬಲಗೈಯಲ್ಲಿ ಕತ್ತರಿ ಹಿಡಿದು ಒಂದು ಸಾಲು ತಾವೇ ಮಾಡಿದರು, ಉಳಿದದ್ದಕ್ಕೆ ನಿಂತು ಹೇಳಿದರು. ನಾನು ರಬ್ಬರಿನ ಕೈಗವಸು ಹಾಕಿಕೊಂಡು ಅವರ ಹಿಂದೆ ಪೇಸ್ಟ್ ಹಚ್ಚುತ್ತ ಬಂದೆ.

ಮಧ್ಯಾಹ್ನ ಅವರೇ ಕೇಳಿದರು. "ಆ ಗುಳಿಗಿ ಒಳಗ ಹೋಗಿ ಏನ ಮಾಡತೈತಿ? ಡಾಕ್ಟರಮ್ಮ ಹೇಳಿದ್ದು ನಂಗ ತಿಳೀಲಿಲ್ಲ."

ಇಂಥ ಪ್ರಶ್ನೆಗೇ ಕಾದಿದ್ದೆ ನಾನು. ಕಡ್ಡಿ ಹಿಡಿದು ತೋರಿಸಿದೆ. "ಇದರ ಮ್ಯಾಲ ಎಷ್ಟ ಕಣ್ಣ ಅದಾವು ವೈನಿ?"

"ಹನ್ನೆರಡಿದ್ದುವು. ನಾ ಆರು ಬಿಟ್ಟೇನಿ."

"ಆರೂ ಒಡಿತಾವೇನ್ರಿ?"

"ನೀ ಪೇಸ್ಟ್ ಹಚ್ಚಿದ್ದು ಒಡಿತಾವ. ಉಳಿದಾವು ಮಲಗಿರತಾವ."

"ನಿಮ್ಮ ಮೈಯಾಗೂ ಹಂಗರಿ. ಒಂದೊಂದು ಜೀವಕೋಶದಾಗ ಸಾವಿರಾರು ಕಣ್ಣ. ಯಾವುದಕ್ಕ ಪೇಸ್ಟ್ ಹಚ್ಚಬೇಕು, ಯಾವುದನ್ನ ಮಲಗಸಬೇಕು ಅಂತ ನೋಡೂ ಕೈ ಒಂದೈತಿ. ಹೆಣ್ಣಮಕ್ಕಳ ಹಾರ್ಮೋನ ಅಂದ್ರ ಆ ಕೈಗೆ ಪೇಸ್ಟ್. ನಿಮಗ ಬಂದ ಗಂಟಿನಾಗ ಆ ಕೈ ಒಂದ ಸವನ 'ಬೆಳಿ, ಬೆಳಿ' ಅನ್ನೂ ಕಣ್ಣಿಗೇ ಹಚ್ಚಾಕತ್ತಿತ್ತು."

"ಗುಳಿಗಿ?"

"ಗುಳಿಗಿ ಹೋಗಿ ಆ ಮುಷ್ಟಿಯೊಳಗ ಕೂಡತೈತಿ. ಕೈ ಇದ್ದಲ್ಲೇ ಇರತೈತಿ, ಪೇಸ್ಟ್ ಹಿಡಿಯಾಕ ಜಾಗ ಇರೂದಿಲ್ಲ. ಎಲ್ಲೋ ನಾಕ ಕೋಶ ಉಳಕೊಂಡಿದ್ರೂ ಒಡಿಯೂದಿಲ್ಲ, ಮಲಗತಾವ."

ವೈನಿ ಕಡ್ಡಿಯ ಮೇಲೆ ಹೆಬ್ಬೆರಳು ಆಡಿಸಿದರು. "ತಿಳೀತು" ಎಂದರು. "ಇಷ್ಟ ಚೊಲೋ ಹೇಳತಿ, ನೀ ಸಾಲಿ ಕಲಸಬೇಕ." ನನಗೆ ಆಕಾಶ ಮೂರೇ ಗೇಣು. ಪುಣೆಯಲ್ಲಿ ದೊಡ್ಡವರಿಗೆ ಹೇಳಲು ಬಾರದ್ದನ್ನು ಪಡದಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿಬಿಟ್ಟೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ವಾರವೆಲ್ಲ ಇದೇ ಉದಾಹರಣೆಯನ್ನು ಫೋನಿನಲ್ಲಿ ಹಳೆಯ ಗೆಳತಿಯರಿಗೆ ಹೇಳಿ ಶಾಭಾಸ್‌ಗಿರಿ ತೆಗೆದುಕೊಂಡೆ.

ಚಳಿಗಾಲ ಸುಖವಾಗೇನೂ ಕಳೆಯಲಿಲ್ಲ. ಗುಳಿಗೆ ವೈನಿಯ ಮೈಗೆ ಸುಲಭವಾಗಿ ಒಗ್ಗಲಿಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಉರಿ, ಡಿಸೆಂಬರ್ ಥಂಡಿಯಲ್ಲೂ ಹಣೆಯ ಮೇಲೆ ಬೆವರು, ಮೀನಖಂಡ ಹಿಡಿದುಕೊಂಡು ಕೂತುಬಿಡುವುದು. ಆದರೂ ಬೆಳಗ್ಗೆ ಎಮ್ಮೆ ಹಿಂಡಿ ಬಂದು, ಕೈ ತೊಳೆದು, ದೇವರ ಗೂಡಿನ ಪಕ್ಕದ ಡಬ್ಬಿಯಿಂದ ಗುಳಿಗೆ ತೆಗೆದು ನುಂಗುವುದು ಒಂದು ದಿನ ತಪ್ಪಲಿಲ್ಲ. ಫೆಬ್ರುವರಿಯಲ್ಲಿ ಗೊಂಚಲು ಇಳಿಸಲು ಶುರುಮಾಡಿದರು. ಮಾರ್ಚ್ ಮೊದಲ ವಾರ ಕೊನೆಯ ಕ್ರೇಟು ಶೆಡ್ಡಿಗೆ ಹೋಯಿತು. ಊರೆಲ್ಲ ಆ ಎಣ್ಣೆಯ, ಹುಳಿಯ, ಸಿಹಿಯ ವಾಸನೆ. ವೈನಿಯ ಮುಖದಲ್ಲಿ ಕಳೆ ಬಂದಿತ್ತು, ಬೆವರೂ ನಿಂತಿತ್ತು. ಮೈ ಗುಳಿಗೆಗೆ ಒಗ್ಗಿಕೊಂಡಿತು ಎಂದು ನಾನು ತಿಳಿದೆ. ಹಾಗೆ ತಿಳಿದದ್ದಕ್ಕೆ ನನಗೆ ಸರಿಯಾದ ಶಾಸ್ತಿಯಾಯಿತು.

ಏಪ್ರಿಲ್ ಎರಡನೆಯ ವಾರ ಅಥಣಿಗೆ ಹೋಗಿದ್ದಾಗ ಹೊಸ ಗುಳಿಗೆ ತಂದೆ. ಡಬ್ಬಿಯಲ್ಲಿ ಇಡಲು ಹೋದರೆ ಒಳಗೆ ಜಾಗವಿರಲಿಲ್ಲ. ಹಿಂದೆ ತಂದ ಪಾಕೀಟುಗಳು ಹಾಗೇ ಇದ್ದವು. ಅರ್ಧ ಮುಗಿದ ಒಂದು, ಮುಟ್ಟದ ಎರಡು, ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು.

"ವೈನಿ, ಗುಳಿಗಿ ತೊಗೊಳ್ಳಾಕತ್ತಿಲ್ಲೇನ್ರಿ?"

ಅವರು ಅಂಗಳದಲ್ಲಿ ಕತ್ತರಿಗಳನ್ನು ಮಸೆಯುತ್ತ ಕೂತಿದ್ದರು. ಎರಡು ದಿನಕ್ಕೆ ಚಾಟ್ನಿಯ ಹೆಣ್ಣಾಳುಗಳು ಬರುವವರಿದ್ದರು. ತಲೆ ಎತ್ತದೆ ಹೇಳಿದರು. "ವಿಶ್ರಾಂತಿ ಕೊಟ್ಟೇನಿ."

"ಏನಂದ್ರಿ?"

"ಹಣ್ಣ ಇಳಿಸಿದ ಮ್ಯಾಲ ಬಳ್ಳಿಗೆ ತಿಂಗಳ ವಿಶ್ರಾಂತಿ ಕೊಡೂದಿಲ್ಲೇನು? ನೀರಷ್ಟ ಬಿಡತೇವಿ, ಔಷಧ ಇಲ್ಲ, ಕತ್ತರಿ ಇಲ್ಲ. ವಿಶ್ರಾಂತಿ ಇಲ್ಲಂದ್ರ ಮುಂದಿನ ವರ್ಷ ಬಳ್ಳಿ ಏಳೂದಿಲ್ಲ. ನನ್ನ ಮೈನೂ ದಣದಿತ್ತ ಸುಮಿ. ಕಡೀ ಕ್ರೇಟ್ ಹೋದ ದಿವಸ ನಿಲ್ಲಸಿದೆ. ನಾಡದ ಮೊದಲ ಕತ್ತರಿ ಹಾಕಿದ ದಿವಸ ಮತ್ತ ಸುರು ಮಾಡತೇನಿ. ನೀನ ಹೇಳಿದ್ದಲ್ಲಾ, ಬಳ್ಳಿ ಇದ್ದಂಗ ಅಂತ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರು ಮರೆತಿರಲಿಲ್ಲ, ಬೇಸತ್ತು ಬಿಟ್ಟಿರಲಿಲ್ಲ, ಯಾರದೋ ಮಾತು ಕೇಳಿ ಹಾಳಾಗಿರಲಿಲ್ಲ. ನನ್ನ ಮಾತನ್ನೇ ನಂಬಿ, ತಮ್ಮ ಇಷ್ಟು ವರ್ಷದ ವಿದ್ಯೆಯನ್ನು ಅದಕ್ಕೆ ಸೇರಿಸಿ, ಬಹಳ ಶ್ರದ್ಧೆಯಿಂದ ತಪ್ಪು ಮಾಡಿದ್ದರು. ಬೆವರು ನಿಂತದ್ದೂ ಕಳೆ ಬಂದದ್ದೂ ಅದಕ್ಕೇ. ಗುಳಿಗೆಯಿಲ್ಲದೆ ಮೂವತ್ತೆಂಟು ದಿನ ಆಗಿತ್ತು.

ಮರುದಿನವೇ ಮಿರಜಿಗೆ ಹೋದೆವು. ಡಾಕ್ಟರಮ್ಮ ಬೈಯಲಿಲ್ಲ. ವೈನಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕಿಂತ ಬೈಗುಳವೇ ವಾಸಿ. "ಹೋದ ದಿವಸ ಹೋದುವು. ಇವತ್ತಿಂದ ಸುರು ಮಾಡ್ರಿ. ನಾ ಹೇಳೂ ತನಕ ನಿಲ್ಲಸಬಾರದು" ಎಂದು ಪರೀಕ್ಷೆಗೆ ಒಳಗೆ ಕರೆದೊಯ್ದರು. ಹೊರಗೆ ಬಂದಾಗ ಡಾಕ್ಟರಮ್ಮನ ಮುಖ ಬೇರೆಯಾಗಿತ್ತು. ಹೊಲಿಗೆ ಹಾಕಿದ ಜಾಗದ ಪಕ್ಕ ಒಂದು ಸಣ್ಣ ಗಂಟು ಕೈಗೆ ಹತ್ತಿದೆ, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು.

"ನಂಗೂ ಹತ್ತಿತ್ತರಿ. ಎರಡ ದಿನ ಆತು. ಚಾಟ್ನಿ ಮುಗಿಸಿ ಬರತೇನಂತ ಮಾಡಿದ್ದೆ" ಎಂದರು ವೈನಿ, ಸೀರೆ ಸರಿಪಡಿಸಿಕೊಳ್ಳುತ್ತ.

ಆ ನಾಲ್ಕು ದಿನ ಚಾಟ್ನಿಯದ್ದು. ದಿನ ಗೊತ್ತುಮಾಡಿದ ಮೇಲೆ ಆಳುಗಳನ್ನು ಮುಂದೂಡುವಂತಿಲ್ಲ, ಆಮೇಲೆ ಅವರು ಬೇರೆ ಪಡಕ್ಕೆ ಹೋಗಿಬಿಡುತ್ತಾರೆ. ಎಂಟು ಹೆಂಗಸರು ಬಂದರು. ವೈನಿ ಎಲ್ಲರಿಗಿಂತ ಮೊದಲು ಪಡದಲ್ಲಿದ್ದರು. ಗುಳಿಗೆ ನುಂಗಿ ಬಂದಿದ್ದರು. ಅಣ್ಣ ರಜೆ ಹಾಕಿ ಬಾವಿಯ ಪಂಪಿನ ಹತ್ತಿರ ಸುಮ್ಮನೆ ಕೂತಿದ್ದ. ಏನೂ ಕೆಲಸವಿಲ್ಲದಿದ್ದರೂ ಪಂಪಿನ ನಟ್ಟು ಬಿಚ್ಚುವುದು, ಮತ್ತೆ ಬಿಗಿಯುವುದು. ನಾನು ಕತ್ತರಿಸಿ ಬಿದ್ದ ಕಡ್ಡಿಗಳನ್ನು ಹೊರೆ ಕಟ್ಟುತ್ತಿದ್ದೆ, ಕಣ್ಣು ಪದೇಪದೇ ತುಂಬಿ ಹಗ್ಗ ಕಾಣುತ್ತಿರಲಿಲ್ಲ. ಎರಡನೆಯ ದಿನ ತಡೆಯಲಾಗದೆ ವೈನಿಯ ಹತ್ತಿರ ಹೋಗಿ ಹೇಳಿಬಿಟ್ಟೆ. "ನಂದ ತಪ್ಪು ವೈನಿ. ನಾ ಆ ಬಳ್ಳಿ ಮಾತು ಹೇಳಬಾರದಿತ್ತು. ನಿಮಗ ಏನರ ಆದ್ರ..."

ವೈನಿ ಕತ್ತರಿ ನಿಲ್ಲಿಸಲಿಲ್ಲ. "ಹೊರಿ ಸಡ್ಲ ಆಗೇತಿ ನೋಡ, ಬಿಗಿ ಕಟ್ಟ" ಎಂದರು. ಇನ್ನೊಂದು ಕಡ್ಡಿ ಕತ್ತರಿಸಿ, "ನೀ ಹೇಳಿದ್ದ ಖರೆನ ಇತ್ತು. ಮುಂದಿಂದು ನಾ ಸೇರಸಿದೆ. ಇಬ್ಬರೂ ಶಾಣ್ಯಾರಾದ್ವಿ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರಿಗೂ ಭಯವಿತ್ತು. ಅದನ್ನು ನನ್ನ ಮೇಲೆ ಹಾಕಬಾರದೆಂದು ನಗುತ್ತಿದ್ದರು ಎಂದು ಆಗ ನನಗೆ ಗೊತ್ತಾಯಿತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

ಮೂರನೆಯ ದಿನ ಊಟಕ್ಕೆ ಕೂಡುವ ಮುಂಚೆ ಕೂಗಿದರು. "ಸುಮಿ, ಇಲ್ಲಿ ಬಾ." ಹೋದರೆ ಒಂದು ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ನಮ್ಮ ಕಡೆಯ ದ್ರಾಕ್ಷಿ ತನ್ನ ಬೇರಿನ ಮೇಲೆ ನಿಂತಿಲ್ಲ. ಬರ, ಉಪ್ಪುನೀರು ತಡೆಯುವ ಒಂದು ಕಾಡುಜಾತಿಯ ಬೇರಿಗೆ ನಮ್ಮ ತಳಿಯನ್ನು ಕಸಿ ಮಾಡಿರುತ್ತಾರೆ. ಕಸಿಯ ಗಂಟಿನ ಕೆಳಗಿಂದ ಆ ಕಾಡುಬೇರು ತನ್ನದೇ ಚಿಗುರು ಎಬ್ಬಿಸುತ್ತಿರುತ್ತದೆ. ಅದಕ್ಕೆ ಹಣ್ಣಿಲ್ಲ, ಬರೀ ಓಟ. ಕಂಡಲ್ಲೆಲ್ಲ ಚಿವುಟಿ ಹಾಕಬೇಕು. ವೈನಿ ಅಂಥದ್ದೊಂದು ಚಿಗುರನ್ನು ಬೆರಳಲ್ಲಿ ಹಿಡಿದಿದ್ದರು.

"ಬಳ್ಳಿಗೆ ವಿಶ್ರಾಂತಿ ಕೊಡತೇವಿ, ಖರೆ. ಇದನ್ನ ಚಿವುಟೂದಕ್ಕ ಯಾವ ತಿಂಗಳರ ವಿಶ್ರಾಂತಿ ಕೊಟ್ಟೇವೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಣ್ಣ ಇರಲಿ, ಬಿಡಲಿ, ವಿಶ್ರಾಂತಿ ಇರಲಿ, ದಾರಿ ಹಿಡದ ಹೋಗಾಕತ್ರ ಕೈ ತಾನ ಬಗ್ಗತೈತಿ. ತಿಂಗಳ ಬಿಟ್ರ ಇದ ಮ್ಯಾಲೇರಿ ಬಳ್ಳಿ ತಿಂತೈತಿ. ನಾ ಗುಳಿಗಿನ ಬಳ್ಳಿ ಲೆಕ್ಕಕ್ಕ ಹಿಡದೆ. ಅದು ಈ ಲೆಕ್ಕದ್ದು." ಚಿಗುರನ್ನು ಬುಡಸಮೇತ ಕಿತ್ತು ನನ್ನ ಅಂಗೈಗೆ ಹಾಕಿದರು. "ಇನ್ನ ತಪ್ಪೂದಿಲ್ಲ. ನಾಳಿನ ರಿಪೋರ್ಟ್ ಏನರ ಬರಲಿ."

ಪುಣೆಯಲ್ಲಿ ನನ್ನ ಮೇಲಿನವರು ಪದವಿಗಳ ಸಾಲು ಹೊತ್ತವರು. ತಪ್ಪು ಸಿಕ್ಕಾಗ ಅದನ್ನು ಎದುರಿಗಿಟ್ಟುಕೊಂಡು, ಎಲ್ಲಿ ಜಾರಿತು ಎಂದು ಹುಡುಕಿ, ಸರಿಯಾದದ್ದನ್ನು ತಾವೇ ಕಟ್ಟಿಕೊಂಡವರನ್ನು ನಾನು ಅಲ್ಲಿ ಕಂಡದ್ದು ಕಡಿಮೆ. ಇಲ್ಲಿ ಬಳ್ಳಿಯ ಬುಡದಲ್ಲಿ ಕೂತ ಹೆಂಗಸು, ತಮ್ಮ ಜೀವದ ಪ್ರಶ್ನೆ ಇನ್ನೊಬ್ಬರ ಮೇಜಿನ ಮೇಲಿರುವಾಗ, ಅದನ್ನು ಮಾಡಿದ್ದರು. ನಾನು ಆರು ತಿಂಗಳ ಹಿಂದೆ ಕೊಟ್ಟ ಉದಾಹರಣೆಗಿಂತ ಅವರದು ಮೇಲಾಗಿತ್ತು. ನನ್ನದು ಗುಳಿಗೆ ಏನು ಮಾಡುತ್ತದೆ ಎಂದಷ್ಟೇ ಹೇಳಿತ್ತು. ಯಾಕೆ ಬಿಡಬಾರದು ಎಂದು ಹೇಳಿದ್ದು ಅವರದು.

ಮರುದಿನ ಮಿರಜಿಗೆ ಅಣ್ಣನೂ ಬಂದ. ಡಾಕ್ಟರಮ್ಮ ಕಾಗದ ತೆಗೆದು ಮೊದಲು ವೈನಿಯ ಮುಖ ನೋಡಿ ನಕ್ಕರು. ಹೊಲಿಗೆ ಮಾಯುವಾಗ ಕಟ್ಟಿಕೊಂಡ ಗಾಯದ ಗಂಟು, ಬೇರೇನೂ ಅಲ್ಲ. ಅಣ್ಣ ಹೊರಗೆ ಬಂದು ಕಟ್ಟೆಯ ಮೇಲೆ, ಹಿಂದೆ 'ಪಾಸಿಟಿವ್' ನೋಡಿ ಕುಸಿದಿದ್ದ ಜಾಗದಲ್ಲೇ ಕೂತು, ಎಲ್ಲರೆದುರು ಗಳಗಳ ಅತ್ತ. ವೈನಿ ಅವನ ಪಕ್ಕ ನಿಂತು, "ಏಳ್ರಿ, ಜನ ನೋಡಾಕತ್ತಾರ. ಎರಡ ಸಾಲ ಉಳದಾವ" ಎಂದರು. ಆಮೇಲೆ ಸೆರಗಿನಿಂದ ತಾವೂ ಕಣ್ಣೊರೆಸಿಕೊಂಡರು.

ಉಳಿದ ಎರಡು ಸಾಲು ಮುಗಿದ ದಿನ, ರೊಟ್ಟಿ ಬುತ್ತಿ ಬಿಚ್ಚಿ ಕೂತಾಗ, ವೈನಿ ಆ ಎಂಟು ಹೆಂಗಸರಿಗೆ ಎಲ್ಲವನ್ನೂ ಹೇಳಿದರು. ಗಂಟು ಹತ್ತಿದ್ದು, ಕೊಯ್ಸಿಕೊಂಡದ್ದು, ಗುಳಿಗೆ, ತಾವು ಮಾಡಿದ ತಪ್ಪು, ಕಾಡುಚಿಗುರು, ಒಂದನ್ನೂ ಮುಚ್ಚಲಿಲ್ಲ. ಮೊದಲು ಹೆಂಗಸರು ತಲೆ ತಗ್ಗಿಸಿಕೊಂಡು ಕೂತಿದ್ದರು. ಆಮೇಲೆ ಒಬ್ಬೊಬ್ಬರೇ ಕೇಳತೊಡಗಿದರು. "ತಿಂಗಳಿಗೊಮ್ಮೆ ಬಚ್ಚಲದಾಗ ನೋಡಕೋರಿ. ಕಣ್ಣ ನೋಡೂ ಬೆರಳ ಅದಾವಲ್ಲಾ, ಅವ ಬೆರಳ ಸಾಕು" ಎಂದರು ವೈನಿ. ಎರಡು ವರ್ಷದ ಮೇಲೆ ಅವರಲ್ಲೊಬ್ಬರು, ರತ್ನವ್ವ, ವೈನಿಯನ್ನು ಹುಡುಕಿಕೊಂಡು ಮನೆಗೆ ಬಂದರು. ವೈನಿ ಅವರನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ರತ್ನವ್ವ ಈಗಲೂ ನಮ್ಮ ಪಡಕ್ಕೆ ಚಾಟ್ನಿಗೆ ಬರುತ್ತಾರೆ.

ಆ ಬೇಸಿಗೆ ಮುಗಿಯುವಷ್ಟರಲ್ಲಿ ನನಗೆ ಚಿಕ್ಕೋಡಿಯ ಕೆಲಸ ಸಿಕ್ಕಿತು. ಈಗ ತರಗತಿಯಲ್ಲಿ ಈ ಪಾಠ ಬಂದಾಗ ದ್ರಾಕ್ಷಿಯ ಕಣ್ಣಿನ ಉದಾಹರಣೆಯನ್ನೇ ಕೊಡುತ್ತೇನೆ. ರಾಯಬಾಗ, ಅಥಣಿ ಕಡೆಯ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಆದರೆ ಅಲ್ಲಿಗೇ ಬಿಡುವುದಿಲ್ಲ. ಈ ಉದಾಹರಣೆ ಎಲ್ಲಿ ಕೆಡುತ್ತದೆ, ಹೇಳಿ ನೋಡೋಣ ಎಂದು ಕೇಳುತ್ತೇನೆ. ಅದನ್ನು ಕೇಳುವುದನ್ನು ನಾನು ಕಲಿತದ್ದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ.

ಇಷ್ಟೆಲ್ಲ ನೆನೆಯುತ್ತ ಮನೆ ಮುಟ್ಟಿದರೆ ಬಾಗಿಲಿಗೆ ಕೊಂಡಿ ಹಾಕಿತ್ತು. ನೇರ ಪಡಕ್ಕೆ ಹೋದೆ. ಏಪ್ರಿಲ್ ಚಾಟ್ನಿ ಶುರುವಾಗಿತ್ತು. ವೈನಿಯ ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಮೊದಲಿನಷ್ಟೇ ಚುರುಕು. ನನ್ನನ್ನು ನೋಡಿ ಕತ್ತರಿ ಸೊಂಟಕ್ಕೆ ಸಿಕ್ಕಿಸಿದರು.

"ಗುಳಿಗಿ ನಿಂತು ಸುಮಿ. ಹೋದ ವಾರ ಡಾಕ್ಟರಮ್ಮ ಸಾಕಂದ್ರು."

ಐದು ವರ್ಷ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಆಗ ವೈನಿಯೇ, "ನಾ ನಡಬರಕ ತಪ್ಪಿಸಿದ್ದು ಸೇರಸ್ರಿ" ಎಂದು ಹಟ ಹಿಡಿದು, ಮಾರ್ಚಿನ ತಪಾಸಣೆಯ ತನಕ ಬರೆಸಿಕೊಂಡು ಬಂದಿದ್ದರು. ಈಗ ಅದೂ ಮುಗಿದಿತ್ತು. ಸಂತೋಷಕ್ಕೆ ನನ್ನ ಹಳೆಯ ಚಾಳಿ ಹೊರಟಿತು. ಐದು ವರ್ಷ ಯಾಕೆ ಸಾಕು, ಮುಂದೆ ಆ ಪ್ರೋಟೀನು ಏನಾಗುತ್ತದೆ, ಎಂಥವರಿಗೆ ಹತ್ತು ವರ್ಷ ಕೊಡುತ್ತಾರೆ, ವೈನಿ ಯಾಕೆ ಅಂಥವರಲ್ಲ ಎಂದು ಶುರುಮಾಡಿದೆ. "ಈಗ ನೋಡ್ರಿ ವೈನಿ, ಕಸಿ ಬಳ್ಳಿ ಐದ ವರ್ಷ ಆದ ಮ್ಯಾಲ..."

ವೈನಿ ಕೈ ಎತ್ತಿದರು. ಎಡಗೈ, ಈಗ ಪೂರ್ತಿ ಮೇಲೆ ಬರುತ್ತದೆ.

"ಬಳ್ಳಿ ಬ್ಯಾಡ. ಬರೇ ಒಂದ ಮಾತ ಹೇಳ. ಐದ ವರ್ಷ ದಿನಾ ಬೆಳಿಗ್ಗಿ ಆ ಗುಳಿಗಿ ಇತ್ತು, ಧೈರ್ಯ ಇತ್ತು. ಈಗ ಕೈ ಖಾಲಿ. ಅದಕ್ಕ ಕರದೇನಿ ನಿನ್ನ. ನಾ ಇರತೇನೇನು?"

ಆ ಮೆಟ್ಟಿಲು ಗೆರೆ ಕಣ್ಣ ಮುಂದೆ ಬಂತು. ನೂರರಲ್ಲಿ ಎಷ್ಟು ಎಂದು ಹೇಳಬಲ್ಲೆ. ಬಹಳ ಒಳ್ಳೆಯ ಲೆಕ್ಕವೇ ಅದು. ಆದರೆ ಅವರು ಕೇಳಿದ್ದು ನೂರರ ಮಾತಲ್ಲ. ನಾನು ಕಲಿತ ಯಾವ ವಿದ್ಯೆಯೂ ಅವರು ಕೇಳಿದ್ದಕ್ಕೆ ಹೌದು ಎನ್ನಲು ಬಿಡುವುದಿಲ್ಲ.

"ಇರತೀರಿ ವೈನಿ" ಎಂದೆ.

ಅವರು ನನ್ನ ಮುಖವನ್ನು, ಕಡ್ಡಿಯ ಕಣ್ಣು ನೋಡುವ ಹಾಗೆ, ಒಂದು ಗಳಿಗೆ ನೋಡಿದರು. ಆಮೇಲೆ ಸೊಂಟದ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟರು.

"ಹಂಗಾದ್ರ ಹಿಡಿ. ಈ ಸಾಲ ನಿಂದು."